ಫ್ರೀಜರ್ ಕೊಡಿಸುವವರು ಸಿಗುತ್ತಾರೆ, ಕರೆಂಟ್ ಬಿಲ್ ಕಟ್ಟುವವರು ಬೇಕು

(ಜೀವವಿಜ್ಞಾನ ಮತ್ತು ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ಕೆಲಸ ದುಡ್ಡು ಕೇಳುವುದು. ಬೆಂಗಳೂರಿನ ಒಂದು ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಗ್ರಾಂಟ್ ರೈಟರ್ ಆಗಿದ್ದೇನೆ. ವಿಜ್ಞಾನಿಗಳು, ಡಾಕ್ಟರುಗಳು ಒಂದು ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಅದಕ್ಕೆ ಹಣ ಕೊಡಬಲ್ಲ ಟ್ರಸ್ಟನ್ನೋ, ಫೌಂಡೇಶನ್ನನ್ನೋ, ಕಂಪನಿಯನ್ನೋ, ಕೆಲವು ಸಲ ಒಂದು ಕುಟುಂಬವನ್ನೋ ಹುಡುಕಬೇಕು. ಅವರು ಓದಿ ಒಪ್ಪುವ ಹಾಗೆ ಪ್ರಪೋಸಲ್ ಬರೆಯಬೇಕು. ಹಣ ಬಂದ ಮೇಲೆ ಲೆಕ್ಕ ಒಪ್ಪಿಸುವ ತನಕ ಜೊತೆಗಿರಬೇಕು. ಹೊರಗಿನವರಿಗೆ ಇದು ಚೆನ್ನಾಗಿ ಇಂಗ್ಲಿಷ್ ಬರೆಯುವ ಕೆಲಸ ಅನ್ನಿಸುತ್ತದೆ. ಬರೆಯುವುದು ಇದರಲ್ಲಿ ಕಾಲು ಭಾಗ ಇದ್ದರೆ ಹೆಚ್ಚು. ಉಳಿದದ್ದು ಎಕ್ಸೆಲ್ ಶೀಟು, ಫೋನು, ಆಮೇಲೆ ಕಾಯುವುದು.

ಇವತ್ತು ಆ ಎಕ್ಸೆಲ್ ಶೀಟಿನ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ. ಪ್ರಪೋಸಲ್‌ನ ಮೊದಲ ಪುಟದಲ್ಲಿ ಎಲ್ಲರೂ ಒಳ್ಳೆಯ ಮಾತೇ ಬರೆದಿರುತ್ತಾರೆ. ನಿಜ ಗೊತ್ತಾಗುವುದು ಬಜೆಟ್ ಪುಟದಲ್ಲಿ.

ಅದಕ್ಕೂ ಮೊದಲು ಒಂಚೂರು ಹಳೆಯ ಕಥೆ. ನಮ್ಮ ಊರಲ್ಲೇ ಈ ಕಸುಬಿಗೆ ಒಬ್ಬ ಹಿರಿಯರಿದ್ದಾರೆ. ಟಾಟಾ ಇನ್‌ಸ್ಟಿಟ್ಯೂಟ್ (ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ) ಅಂದರೆ ಎಲ್ಲರಿಗೂ ಜಮ್‌ಶೇಟ್‌ಜಿ ಟಾಟಾ ನೆನಪಾಗುತ್ತಾರೆ. ಬುರ್ಜೋರ್ಜಿ ಪಾದ್‌ಶಾ ಅನ್ನುವ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಜಮ್‌ಶೇಟ್‌ಜಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ವಿಜ್ಞಾನ ಸಂಸ್ಥೆಗೆ ಕೊಡುತ್ತೇನೆ ಅಂದಾಗ, ಪರದೇಶದ ವಿಶ್ವವಿದ್ಯಾಲಯಗಳನ್ನು ಸುತ್ತಿ ನೋಡಿ ಬಂದು, ಯೋಜನೆಯ ಕರಡು ತಯಾರು ಮಾಡಿದವರು ಈ ಪಾದ್‌ಶಾ. 1898ರ ಡಿಸೆಂಬರ್ 31ರಂದು ಆ ಕರಡು ಲಾರ್ಡ್ ಕರ್ಜನ್ ಕೈಗೆ ಹೋಯಿತು. ಕರ್ಜನ್ ವೈಸರಾಯ್ ಆಗಲು ಬಾಂಬೆಗೆ ಆಗಷ್ಟೇ ಬಂದು ಇಳಿದಿದ್ದರು. ಡೆಡ್‌ಲೈನ್ ಅಂದರೆ ಹೀಗಿರಬೇಕು.

ಕರ್ಜನ್‌ಗೆ ಅನುಮಾನ. ಇಷ್ಟು ದೊಡ್ಡ ಓದಿಗೆ ಹುಡುಗರು ಸಿಗುತ್ತಾರಾ, ಓದಿದವರಿಗೆ ಆಮೇಲೆ ಕೆಲಸ ಸಿಗುತ್ತಾ ಅಂತ. ಇವತ್ತಿನ ರಿವ್ಯೂ ಕಮಿಟಿಗಳೂ ಇದೇ ಧಾಟಿಯಲ್ಲಿ ಕೇಳುತ್ತವೆ. ಆಮೇಲೆ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಬಂದು ದೇಶ ಸುತ್ತಿ, ಬೆಂಗಳೂರು ಆಗಬಹುದು ಅಂದರು. ಅದಾದ ಮೇಲೆ ಇನ್ನೊಂದು ಸಮಿತಿ. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1904ರಲ್ಲಿ ಜಮ್‌ಶೇಟ್‌ಜಿ ತೀರಿಕೊಂಡರು. ಸಂಸ್ಥೆ ಹುಟ್ಟಿದ್ದು 1909ರಲ್ಲಿ. ದುಡ್ಡು ಕೊಡುವವರು ತಯಾರಾಗಿ ನಿಂತಿದ್ದರೂ ಹತ್ತು ವರ್ಷ ಹಿಡಿಯಿತು. ನನ್ನ ಹತ್ತಿರ ಬಂದು "ಮೇಡಂ, ಅಪ್ಲಿಕೇಶನ್ ಹಾಕಿ ಮೂರು ತಿಂಗಳಾಯ್ತು, ಇನ್ನೂ ಉತ್ತರ ಇಲ್ಲ" ಅನ್ನುವ ಡಾಕ್ಟರುಗಳಿಗೆ ನಾನು ಈ ಕಥೆ ಹೇಳುತ್ತೇನೆ.

ಇದರಲ್ಲಿ ನಮಗೆ ಸಂಬಂಧಪಟ್ಟ ಒಂದು ವಿಷಯ ಇದೆ. ಆ ಮೊದಲ ಕರಡಿನಲ್ಲಿ ವೈದ್ಯಕೀಯ ವಿಭಾಗವೂ ಇತ್ತು. ಚರ್ಚೆ, ಸಮಿತಿ, ಖರ್ಚಿನ ಲೆಕ್ಕ ಅಂತ ಆಗುವಷ್ಟರಲ್ಲಿ ಅದು ಬಿಟ್ಟುಹೋಯಿತು. 2022ರಲ್ಲಿ ಐಟಿ ಉದ್ಯಮದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಅದೇ ಸಂಸ್ಥೆಯ ಆವರಣದಲ್ಲಿ ಮೆಡಿಕಲ್ ಸ್ಕೂಲು, ಆಸ್ಪತ್ರೆಗೆ ಅಂತ 425 ಕೋಟಿ ರೂಪಾಯಿ ಕೊಡುವುದಾಗಿ ಹೇಳಿದರು. ಕರಡಿನಿಂದ ಹೊರಗೆ ಬಿದ್ದ ಒಂದು ವಿಭಾಗ ವಾಪಸ್ ಬರಲು 120 ವರ್ಷಕ್ಕೂ ಜಾಸ್ತಿ ಬೇಕಾಯಿತು. ಹಾಗಾಗಿ ಬಜೆಟ್‌ನಿಂದ ಒಂದು ಸಾಲು ತೆಗೆಯುವಾಗ ನಾನು ಸ್ವಲ್ಪ ಯೋಚನೆ ಮಾಡುತ್ತೇನೆ.

ಸರಿ. ಸರ್ಕಾರ ಇದೆ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇದೆ, ಔಷಧ ಕಂಪನಿಗಳಿವೆ. ದಾನಿಗಳ ಹಣ ಯಾಕೆ ಬೇಕು? ನಿಮ್ಮಲ್ಲಿ ಕೆಲವರ ತಲೆಯಲ್ಲಿ ಈ ಪ್ರಶ್ನೆ ಇದ್ದೇ ಇರುತ್ತದೆ.

ಅಜಿತ್ರೋಮೈಸಿನ್ ಗೊತ್ತಲ್ವಾ? ಗಂಟಲು ನೋವಿಗೆ ಡಾಕ್ಟರು ಬರೆದುಕೊಡುವ ಮಾತ್ರೆ. ಹೆರಿಗೆ ನೋವು ಶುರುವಾದಾಗ ಇದನ್ನು ಒಂದೇ ಸಲ, 2 ಗ್ರಾಂ ಕೊಟ್ಟರೆ ತಾಯಿಗೆ ನಂಜು ಏರುವುದು ಕಡಿಮೆಯಾಗುತ್ತದಾ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಏಳು ದೇಶಗಳಲ್ಲಿ 29,278 ಮಹಿಳೆಯರ ಮೇಲೆ ನಡೆದ ಪ್ರಯೋಗದಿಂದ. ನಮ್ಮ ಬೆಳಗಾವಿಯೂ ಅದರಲ್ಲಿ ಒಂದು ಕೇಂದ್ರ. 2023ರಲ್ಲಿ ಫಲಿತಾಂಶ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ನಂಜು ಅಥವಾ ಸಾವು ಶೇ. 1.6, ತೆಗೆದುಕೊಳ್ಳದವರಲ್ಲಿ ಶೇ. 2.4. ಸಣ್ಣ ಅಂತರ ಅನ್ನಿಸಬಹುದು. ಸಾವಿರ ಹೆರಿಗೆಗೆ ಎಂಟು ತಾಯಂದಿರು ಅಂತ ಲೆಕ್ಕ ಹಾಕಿ ನೋಡಿ.

ಈ ಪ್ರಯೋಗಕ್ಕೆ ಔಷಧ ಕಂಪನಿ ಯಾಕೆ ದುಡ್ಡು ಹಾಕಬೇಕು? ಪೇಟೆಂಟ್ ಮುಗಿದು ಎಷ್ಟೋ ವರ್ಷ ಆಗಿರುವ ಅಗ್ಗದ ಮಾತ್ರೆ ಅದು. ಯಾರು ಬೇಕಾದರೂ ತಯಾರಿಸಬಹುದು. ಹೊಸ ಉಪಯೋಗ ಸಿಕ್ಕರೂ ಯಾವ ಕಂಪನಿಗೂ ಹೇಳಿಕೊಳ್ಳುವ ಲಾಭ ಇಲ್ಲ. ಹಣ ಬಂದಿದ್ದು ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಿಂದ ಮತ್ತು ಗೇಟ್ಸ್ ಫೌಂಡೇಶನ್‌ನಿಂದ. ಉಪಯೋಗ ತುಂಬಾ ಇದ್ದು ಲಾಭ ಇಲ್ಲದ ಪ್ರಶ್ನೆಗಳು ಆರೋಗ್ಯದಲ್ಲಿ ಬೇಕಾದಷ್ಟಿವೆ. ನಮ್ಮಂಥವರು ಸುತ್ತಾಡುವುದು ಆ ಜಾಗದಲ್ಲಿ.

ಇನ್ನೊಂದು ಉದಾಹರಣೆ ಮಲೆನಾಡಿನದು. ಶಿವಮೊಗ್ಗ ಕಡೆಯವರು ಯಾರಾದರೂ ಇದ್ದೀರಾ? ಮಂಗನ ಕಾಯಿಲೆ ನಿಮಗೆ ನಾನು ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಹಿಂದೆಯೇ ಜನರಿಗೆ ಜ್ವರ. ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಬಂದುಬಿಟ್ಟಿತಾ ಅನ್ನುವ ಭಯ ಹುಟ್ಟಿತು. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವರು ಬಂದರು, ಸತ್ತ ಮಂಗಗಳಿಂದ, ರಕ್ತ ಹೀರುವ ಉಣ್ಣೆ ಹುಳಗಳಿಂದ ಮಾದರಿ ತೆಗೆದರು. ಇದು ಹೊಸ ವೈರಸ್, ಉಣ್ಣೆಯಿಂದ ಹರಡುತ್ತದೆ ಅಂತ ಬಹಳ ಬೇಗ ಪತ್ತೆ ಮಾಡಿದರು. ಕಾಯಿಲೆಗೆ ಆ ಕಾಡಿನ ಹೆಸರೇ ಬಂತು.

ಅಷ್ಟು ಬೇಗ ಹೇಗೆ ಆಯಿತು? ಪುಣೆಯ ಆ ಕೇಂದ್ರವನ್ನು 1952ರಲ್ಲೇ ರಾಕ್‌ಫೆಲರ್ ಫೌಂಡೇಶನ್ ಮತ್ತು ಐಸಿಎಂಆರ್ ಸೇರಿ ಕಟ್ಟಿದ್ದವು. ಕಟ್ಟುವಾಗ ಮಂಗನ ಕಾಯಿಲೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಸೊಳ್ಳೆ, ಉಣ್ಣೆಗಳಿಂದ ಹರಡುವ ವೈರಸ್‌ಗಳು ಈ ದೇಶದಲ್ಲಿ ಯಾವ್ಯಾವು ಇವೆ ಅನ್ನುವುದೇ ಅವರ ಪ್ರಶ್ನೆ. ಐದು ವರ್ಷ ಲ್ಯಾಬು ನಡೆಸಿದರು, ಜನರಿಗೆ ಕೆಲಸ ಕಲಿಸಿದರು, ಸಂಬಳ ಕೊಟ್ಟರು. ಮಂಗ ಸತ್ತ ಸುದ್ದಿ ಬಂದಾಗ ಹೊರಡಲು ಒಂದು ತಂಡ ಸಿದ್ಧವಿತ್ತು.

ಈಗ ಯೋಚನೆ ಮಾಡಿ. 1952ರಲ್ಲಿ ಆ ಪ್ರಪೋಸಲ್ ಬರೆದವರು ಏನೆಂದು ಬರೆಯಬೇಕಿತ್ತು? "ಐದು ವರ್ಷದ ನಂತರ ಮಲೆನಾಡಿನಲ್ಲಿ ಒಂದು ಕಾಯಿಲೆ ಬರುತ್ತದೆ, ಅದನ್ನು ನಾವು ಹಿಡಿಯುತ್ತೇವೆ" ಅಂತ ಬರೆಯಲು ಆಗುತ್ತಾ? ಇವತ್ತಿನ ಫಾರಂಗಳಲ್ಲಿ ಒಂದು ಕಾಲಂ ಇರುತ್ತದೆ: ಎರಡನೇ ವರ್ಷದ ಕೊನೆಗೆ ಏನು ಸಾಧಿಸಿರುತ್ತೀರಿ? ಆ ಕಾಲಂನಲ್ಲಿ "ಸಿದ್ಧವಾಗಿರುತ್ತೇವೆ" ಅಂತ ಬರೆದರೆ ಪಾಸಾಗುವುದು ಕಷ್ಟ. ಆದರೆ ಸಿದ್ಧವಾಗಿರಲೂ ಸಂಬಳ ಬೇಕು, ಕರೆಂಟು ಬೇಕು, ಜೀಪಿಗೆ ಡೀಸೆಲ್ ಬೇಕು. ಯಾರೂ ಸಂತೋಷದಿಂದ ಕೊಡದ ಹಣ ಅದು.

ಎಕ್ಸೆಲ್ ಶೀಟಿಗೆ ಬರೋಣ.

ಮೈನಸ್ 80 ಡಿಗ್ರಿ ಡೀಪ್ ಫ್ರೀಜರ್ ನೋಡಿದ್ದೀರಲ್ಲ? ರಕ್ತದ ಮಾದರಿ, ಡಿಎನ್‌ಎ, ವೈರಸ್ ಎಲ್ಲ ಅದರಲ್ಲಿರುತ್ತದೆ. ಅದನ್ನು ಕೊಡಿಸಲು ದಾನಿಗಳು ಸಿಗುತ್ತಾರೆ. ದೊಡ್ಡ ಯಂತ್ರ, ಮೇಲೆ ಹೆಸರಿನ ಫಲಕ ಹಾಕಬಹುದು, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಳ್ಳಬಹುದು. ಫ್ರೀಜರ್ ಬಂದ ಮಾರನೇ ದಿನದಿಂದ ಕಥೆ ಬೇರೆ. ಅದು ಹಗಲು ರಾತ್ರಿ ಓಡಬೇಕು. ಒಳಗಿನ ಬಿಸಿಯನ್ನೆಲ್ಲ ಹೊರಗೆ ಬಿಡುತ್ತದೆ, ಹಾಗಾಗಿ ಆ ರೂಮಿಗೆ ಎಸಿ ಬೇಕು. ಕರೆಂಟ್ ಹೋದರೆ ಜನರೇಟರ್ ಬೇಕು, ಜನರೇಟರ್‌ಗೆ ಡೀಸೆಲ್ ಬೇಕು. ಮಧ್ಯರಾತ್ರಿ ಟೆಂಪರೇಚರ್ ಏರಿದರೆ ಯಾರದೋ ಮೊಬೈಲ್‌ಗೆ ಅಲಾರಂ ಹೋಗಬೇಕು, ಆ ಯಾರೋ ಎದ್ದು ಬರಬೇಕು. ಫಿಲ್ಟರ್‌ನಲ್ಲಿ ಧೂಳು ಕೂತರೆ ಕಂಪ್ರೆಸರ್ ಕೆಡುತ್ತದೆ. ಮೂರು ವರ್ಷದ ವಾರಂಟಿ ಮುಗಿದ ಮೇಲೆ ಎಎಂಸಿ, ಅಂದರೆ ವರ್ಷವರ್ಷದ ನಿರ್ವಹಣೆಯ ಒಪ್ಪಂದ, ಮಾಡಿಸಬೇಕು. ಒಂದು ರಾತ್ರಿ ಇದರಲ್ಲಿ ಯಾವುದಾದರೂ ಒಂದು ಕೈಕೊಟ್ಟರೆ ಸಾವಿರಾರು ಜನ ತೋಳು ಚಾಚಿ ಕೊಟ್ಟ ರಕ್ತ ಹಾಳು. ಅವರ ಹತ್ತಿರ ಮತ್ತೆ ಹೋಗಿ ಕೇಳಲು ಆಗುವುದಿಲ್ಲ. ಹತ್ತು ವರ್ಷ ಹಿಂದಿನ ಅವರ ರಕ್ತ ಇವತ್ತು ಸಿಗುವುದಿಲ್ಲವಲ್ಲ.

ಈ ಎಎಂಸಿಗೆ, ಡೀಸೆಲ್‌ಗೆ ದುಡ್ಡು ಕೇಳಿ ನೋಡಿ. "ಇದು ನಿಮ್ಮ ಸಂಸ್ಥೆ ನೋಡಿಕೊಳ್ಳಬೇಕಾದದ್ದು ಅಲ್ವಾ?" ಅನ್ನುವ ಉತ್ತರ ಬರುತ್ತದೆ.

ನಮ್ಮ ಹಳಬರು ಈ ವಿಷಯದಲ್ಲಿ ಜಾಣರಿದ್ದರು. ಕರ್ನಾಟಕದ ಹಳೆಯ ದಾನಶಾಸನಗಳನ್ನು ಓದಿ. ದೇವಸ್ಥಾನಕ್ಕೆ ಭೂಮಿ ಬಿಡುವಾಗ ದೇವರ ಪೂಜೆಗೆ, ನಂದಾದೀಪದ ಎಣ್ಣೆಗೆ, ತಪಸ್ವಿಗಳ ಊಟಕ್ಕೆ ಅಂತ ಬಿಡಿಸಿ ಹೇಳುತ್ತಾರೆ. ಜೊತೆಗೆ ಇನ್ನೊಂದು ಮಾತು ಮತ್ತೆ ಮತ್ತೆ ಬರುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದು, ಬಿರುಕು ಬಿಟ್ಟದ್ದು ಸರಿಪಡಿಸಲು. ಇದು ಕಲ್ಲಿನಲ್ಲಿ ಕೊರೆದ ಎಎಂಸಿ ಅಲ್ಲದೆ ಇನ್ನೇನು? ಕೊನೆಗೆ, ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳವಾಗಿ ಹುಟ್ಟುತ್ತಾನೆ ಅಂತ ಶಾಪ ಬೇರೆ. ಹಣ ಹೇಗೆ ಖರ್ಚಾಯಿತು ಅಂತ ದಾನಿಗೆ ಕೊಡುವ ನಮ್ಮ ಯುಟಿಲೈಸೇಶನ್ ಸರ್ಟಿಫಿಕೇಟ್‌ನಲ್ಲಿ ಅಷ್ಟು ಧೈರ್ಯ ಇಲ್ಲ, ಚಾರ್ಟರ್ಡ್ ಅಕೌಂಟೆಂಟ್ ಸಹಿ ಮಾತ್ರ ಇರುತ್ತದೆ.

ಇನ್ನು ಫೀಲ್ಡ್ ಅಧ್ಯಯನದ ಬಜೆಟ್. ರಾಯಚೂರಿನ ಕಡೆ ಹಳ್ಳಿಗಳಲ್ಲಿ ಗರ್ಭಿಣಿಯರ ರಕ್ತಹೀನತೆಯ ಅಧ್ಯಯನ ಮಾಡಬೇಕು ಅಂತಿಟ್ಟುಕೊಳ್ಳಿ. ಪಿಐ, ಅಂದರೆ ಮುಖ್ಯ ಸಂಶೋಧಕರು, ಕಳಿಸುವ ಮೊದಲ ಬಜೆಟ್‌ನಲ್ಲಿ ನಾಲ್ಕು ಸಾಲು ಇರುತ್ತದೆ: ಸಿಬ್ಬಂದಿ, ಪರೀಕ್ಷೆ, ಪ್ರಯಾಣ, ಇತರೆ. ನಾನು ಅವರ ಜೊತೆ ಕೂತು ಒಂದು ದಿನವನ್ನು ಬಿಡಿಸಿ ಹೇಳಿಸುತ್ತೇನೆ. ಬೆಳಿಗ್ಗೆ ಹಳ್ಳಿಗೆ ಯಾರು ಹೋಗುತ್ತಾರೆ? ಬಸ್ಸು ಎಷ್ಟು ಹೊತ್ತಿಗೆ? ಬಸ್ಸು ಇಲ್ಲದಿದ್ದರೆ ಜೀಪಾ, ಆಟೋನಾ? ರಕ್ತ ತೆಗೆಯುವವರು ಹೆಣ್ಣುಮಗಳೇ ಆಗಬೇಕಲ್ವಾ? ಹಾಗಾದರೆ ಒಬ್ಬರನ್ನೇ ಕಳಿಸುತ್ತೀರಾ, ಜೊತೆಗೆ ಇನ್ನೊಬ್ಬರಾ? ಆಶಾ ಕಾರ್ಯಕರ್ತೆ ಮನೆ ತೋರಿಸಲು ಅರ್ಧ ದಿನ ಬಂದರೆ ಅವರಿಗೆ ಏನು ಕೊಡುತ್ತೀರಿ? ಗರ್ಭಿಣಿ ಆ ದಿನ ಕೂಲಿ ಬಿಟ್ಟು ಬಂದರೆ ಆ ಕೂಲಿ ಯಾರು ತುಂಬುತ್ತಾರೆ? ಒಪ್ಪಿಗೆ ಪತ್ರ ಕನ್ನಡದಲ್ಲಿ ಇದ್ದರೆ ಸಾಕಾ, ಗಡಿ ಹಳ್ಳಿಗಳಲ್ಲಿ ತೆಲುಗು ಬೇಡವಾ? ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಹೊರಗಿನ ಸಾಕ್ಷಿ ಒಬ್ಬರು ಇರಬೇಕು, ಅವರು ಯಾರು? ಮಾದರಿಯನ್ನು ಬೆಂಗಳೂರಿಗೆ ಡ್ರೈ ಐಸ್‌ನಲ್ಲಿ ಕಳಿಸಬೇಕು, ಡ್ರೈ ಐಸ್ ಅಲ್ಲಿ ಎಲ್ಲಿ ಸಿಗುತ್ತದೆ? ಸಿಗದಿದ್ದರೆ ಇಲ್ಲಿಂದಲೇ ತೆಗೆದುಕೊಂಡು ಹೋಗಬೇಕು. ಅದು ದಾರಿಯುದ್ದಕ್ಕೂ ಆವಿಯಾಗುತ್ತಾ ಹೋಗುತ್ತದೆ, ಹಾಗಾಗಿ ಬೇಕಾದ್ದಕ್ಕಿಂತ ಜಾಸ್ತಿ ಹಾಕಬೇಕು.

ಇಷ್ಟು ಮಾತಾದ ಮೇಲೆ ನಾಲ್ಕು ಸಾಲು ನಲವತ್ತು ಸಾಲಾಗುತ್ತದೆ. ಪಿಐ ಮುಖ ಬಾಡುತ್ತದೆ. "ಇಷ್ಟೆಲ್ಲ ಕೇಳಿದರೆ ಕೊಡ್ತಾರಾ ಮೇಡಂ?" ನನ್ನ ಅನುಭವದಲ್ಲಿ ನಲವತ್ತು ಸಾಲಿನ ಬಜೆಟ್ ನೋಡಿ ದಾನಿಗಳು ಹೆದರಿದ್ದು ಕಡಿಮೆ. ಇವರು ಆ ಹಳ್ಳಿಗೆ ಹೋಗಿ ಬಂದವರು ಅಂತ ಅವರಿಗೆ ಗೊತ್ತಾಗುತ್ತದೆ. ಹೆದರುವುದು "ಇತರೆ: 12 ಲಕ್ಷ" ಅನ್ನುವ ಒಂದು ಸಾಲಿಗೆ.

ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ಇದೇ ರಕ್ತಹೀನತೆಯ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಹೆಸರು ರಾಪಿಡ್ ಐರನ್. ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಒಳ್ಳೆಯದೋ, ರಕ್ತನಾಳದ ಮೂಲಕ ಕೊಡುವ ಕಬ್ಬಿಣಾಂಶ ಒಳ್ಳೆಯದೋ ಅನ್ನುವ ಪ್ರಶ್ನೆ. ಮೂರು ಗುಂಪು, 4,320 ಮಹಿಳೆಯರು. ಹಣ ಕೊಟ್ಟಿದ್ದು ಲಂಡನ್‌ನ ಚಿಲ್ಡ್ರನ್ಸ್ ಇನ್ವೆಸ್ಟ್‌ಮೆಂಟ್ ಫಂಡ್ ಫೌಂಡೇಶನ್. ಇಷ್ಟು ಜನರನ್ನು ಹೆರಿಗೆಯ ತನಕ ಕೈಬಿಡದೆ ಹಿಂಬಾಲಿಸಬೇಕು ಅಂದರೆ ಏನು ಅಂತ ಊಹಿಸಿ. ಚೊಚ್ಚಲ ಹೆರಿಗೆಗೆ ನಮ್ಮಲ್ಲಿ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಸೇರಿಸಿಕೊಂಡಿದ್ದು ಗಂಡನ ಮನೆಯ ಊರಲ್ಲಿ, ಹೆರಿಗೆ ಇನ್ನೆಲ್ಲೋ. ಅವರನ್ನು ಫೋನ್ ಮಾಡಿ, ಬಸ್ಸು ಹತ್ತಿ ಹುಡುಕಿಕೊಂಡು ಹೋಗುವ ಒಬ್ಬ ಫೀಲ್ಡ್ ವರ್ಕರ್ ಇಲ್ಲದಿದ್ದರೆ ಇಂಥ ಯಾವ ಅಧ್ಯಯನದಲ್ಲೂ ಅಂಕಿ ಅಂಶಕ್ಕೆ ತೂತು ಬೀಳುತ್ತದೆ. ಆ ಫೀಲ್ಡ್ ವರ್ಕರ್ ಸಂಬಳ ಬಜೆಟ್‌ನ ಯಾವ ಸಾಲಿನಲ್ಲಿದೆ ಅಂತ ನಾನು ಮೊದಲು ನೋಡುತ್ತೇನೆ.

ದಾನಿಗಳ ಬಗ್ಗೆ ಹೇಳಬೇಕು. ಎಲ್ಲರೂ ಒಂದೇ ಥರ ಇರುವುದಿಲ್ಲ.

ಮನೆಯಲ್ಲಿ ಯಾರನ್ನೋ ಕಳೆದುಕೊಂಡು ಬರುವವರು ಒಂದು ಗುಂಪು. ಇದು ಹಳೆಯ ದಾರಿ. ಸರ್ ದೊರಾಬ್‌ಜಿ ಟಾಟಾ ಅವರ ಹೆಂಡತಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮಾರನೇ ವರ್ಷವೇ ಲೇಡಿ ಟಾಟಾ ಮೆಮೋರಿಯಲ್ ಟ್ರಸ್ಟ್ ಹುಟ್ಟಿತು. ಆ ಕ್ಯಾನ್ಸರ್ ಮೇಲಿನ ಸಂಶೋಧನೆಗೆ ಅದು ಇವತ್ತಿಗೂ ಬೇರೆ ಬೇರೆ ದೇಶಗಳಲ್ಲಿ ಹಣ ಕೊಡುತ್ತದೆ. ಇಂಥ ಕುಟುಂಬಗಳ ಜೊತೆ ಮಾತಾಡುವಾಗ ಪ್ರಪೋಸಲ್ ಪಕ್ಕಕ್ಕಿಡಬೇಕು. ಅವರು ಮೊದಲು ಅಪ್ಪನ ಬಗ್ಗೆಯೋ, ಮಗಳ ಬಗ್ಗೆಯೋ ಹೇಳುತ್ತಾರೆ, ಕೇಳಬೇಕು. ಕೊನೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇದರಿಂದ ಔಷಧ ಸಿಗುತ್ತಾ?" ಇಲ್ಲಿ ಹೌದು ಅಂದರೆ ಚೆಕ್ ಅವತ್ತೇ ಬರಬಹುದು. ನಾವು ಹೌದು ಅನ್ನುವುದಿಲ್ಲ. "ಈ ಮೂರು ವರ್ಷದಲ್ಲಿ ಔಷಧ ಸಿಗುವುದಿಲ್ಲ. ಕಾಯಿಲೆ ಯಾರಿಗೆ ಬೇಗ ಏರುತ್ತದೆ ಅನ್ನುವುದು ಗೊತ್ತಾಗಬಹುದು" ಅನ್ನುತ್ತೇವೆ. ಕೆಲವರು ಎದ್ದು ಹೋಗುತ್ತಾರೆ. ಉಳಿದವರು ಸಾಮಾನ್ಯವಾಗಿ ತುಂಬಾ ವರ್ಷ ಉಳಿಯುತ್ತಾರೆ.

ಎರಡನೆಯದು ಕಂಪನಿಗಳ ಸಿಎಸ್‌ಆರ್ ಹಣ. 2013ರ ಕಂಪನಿ ಕಾಯ್ದೆ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಕೆಲಸಕ್ಕೆ ಅಂತ ಏಳನೇ ಶೆಡ್ಯೂಲ್‌ನಲ್ಲಿ ಪಟ್ಟಿ ಇದೆ. ಅದರಲ್ಲಿ ಸಂಶೋಧನೆಯ ಸಾಲು ಓದಿದರೆ ಸರ್ಕಾರಿ ಹಣದಲ್ಲಿ ನಡೆಯುವ ವಿಶ್ವವಿದ್ಯಾಲಯ, ಐಐಟಿ, ಐಸಿಎಂಆರ್, ಸಿಎಸ್‌ಐಆರ್ ಥರದ ಸಂಸ್ಥೆಗಳೇ ಮುಂದೆ ನಿಲ್ಲುತ್ತವೆ. ಖಾಸಗಿ ಟ್ರಸ್ಟಿನ ಸಂಶೋಧನಾ ಸಂಸ್ಥೆ ಆದರೆ ಆರೋಗ್ಯ ಸೇವೆಯ ಸಾಲಿನ ಕೆಳಗೆ ಬರಲು ಸಾಧ್ಯವಾ ಅಂತ ನೋಡಬೇಕಾಗುತ್ತದೆ. ಆಗ ಸಂಶೋಧನೆಗಿಂತ ಶಿಬಿರ, ತಪಾಸಣೆ, ಯಂತ್ರ ಇವಕ್ಕೆ ತೂಕ ಜಾಸ್ತಿ. ಇನ್ನು ಫೆಬ್ರವರಿ, ಮಾರ್ಚ್ ತಿಂಗಳು. ವರ್ಷದ ಹಣ ಉಳಿದಿರುತ್ತದೆ, ಫೋನ್ ಬರುತ್ತದೆ: "31ರೊಳಗೆ ಖರ್ಚು ತೋರಿಸಬಹುದಾದದ್ದು ಏನಾದರೂ ಇದೆಯಾ?" ಅದಕ್ಕೆ ಅಂತಲೇ ಯಂತ್ರಗಳ ಕೊಟೇಶನ್ ಪಟ್ಟಿ ಒಂದು ನಮ್ಮ ಹತ್ತಿರ ಸದಾ ತಯಾರಿರುತ್ತದೆ. ಈಗ ನಾವು ಆ ಪಟ್ಟಿಯಲ್ಲಿ ಯಂತ್ರದ ಬೆಲೆ ಬರೆಯುವಾಗಲೇ ಐದು ವರ್ಷದ ಎಎಂಸಿಯನ್ನೂ ಕೊಟೇಶನ್ ಒಳಗೇ ಸೇರಿಸಿ ತರಿಸುತ್ತೇವೆ. ಮುಚ್ಚಿಟ್ಟು ಅಲ್ಲ, ಬೇರೆ ಸಾಲಾಗಿ, ಎದ್ದು ಕಾಣುವ ಹಾಗೆ. ಎಷ್ಟೋ ಕಂಪನಿಗಳು ಒಪ್ಪುತ್ತವೆ. ಮೊದಲು ಯಾರೂ ಕೇಳಿರಲಿಲ್ಲ, ಅಷ್ಟೇ.

ಮೂರನೆಯದು ವಿದೇಶಿ ಫೌಂಡೇಶನ್‌ಗಳು. ವಿಜ್ಞಾನ ಚೆನ್ನಾಗಿ ಗೊತ್ತಿರುವವರು. ಲಂಡನ್‌ನ ವೆಲ್‌ಕಮ್ ಟ್ರಸ್ಟ್ 1936ರಿಂದ ಇದೆ. 2008ರಲ್ಲಿ ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಜೊತೆ ಸೇರಿ ಇಂಡಿಯಾ ಅಲಯನ್ಸ್ ಶುರು ಮಾಡಿತು. ನಿಮ್ಮಲ್ಲಿ ಪಿಎಚ್‌ಡಿ ಮುಗಿಸುವವರು ಅದರ ಫೆಲೋಶಿಪ್‌ಗಳನ್ನು ಒಮ್ಮೆ ನೋಡಿ. ಆದರೆ ವಿದೇಶಿ ಹಣ ಅಂದರೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾನೂನು. 2020ರ ತಿದ್ದುಪಡಿ ಆದ ಮೇಲೆ ನಮ್ಮ ಪ್ರಪೋಸಲ್‌ಗಳ ಆಕಾರವೇ ಬದಲಾಯಿತು. ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚಿನ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಕೊಡುವ ಹಾಗಿಲ್ಲ ಅನ್ನುವುದು. ಮೊದಲು ಬೆಂಗಳೂರಿನ ಸಂಸ್ಥೆ ಹಣ ಪಡೆದು ಜಿಲ್ಲೆಯ ಸಣ್ಣ ಆಸ್ಪತ್ರೆಗೆ, ಹಳ್ಳಿಯಲ್ಲಿ ಕೆಲಸ ಮಾಡುವ ಸಣ್ಣ ಟ್ರಸ್ಟಿಗೆ ಅವರ ಪಾಲು ಕಳಿಸಬಹುದಿತ್ತು. ಈಗ ದಾನಿಗಳು ಒಬ್ಬೊಬ್ಬರಿಗೂ ನೇರವಾಗಿ, ಬೇರೆ ಬೇರೆಯಾಗಿ ಕೊಡಬೇಕು. ಸಣ್ಣವರ ಹತ್ತಿರ ಎಫ್‌ಸಿಆರ್‌ಎ ನೋಂದಣಿ ಇರುವುದಿಲ್ಲ. ಹೀಗಾಗಿ ದೊಡ್ಡ ಊರಿನ ದೊಡ್ಡ ಸಂಸ್ಥೆಗಳೇ ಎಲ್ಲ ಕೆಲಸ ಮಾಡುವಂತಾಗಿದೆ. ಹಣದ ಮೇಲೆ ಕಣ್ಣಿಡಬೇಕು ಅನ್ನುವುದು ಸರಿಯೇ. ಆದರೆ ಈ ನಿಯಮದಿಂದ ಹಳ್ಳಿಗೆ ಹತ್ತಿರ ಇರುವವರೇ ಹೊರಗೆ ಉಳಿದರು ಅನ್ನುವುದು ನನ್ನ ಅಭಿಪ್ರಾಯ.

ಬರವಣಿಗೆಯ ಬಗ್ಗೆಯೂ ಕೇಳುತ್ತೀರಿ, ಹೇಳಿಬಿಡುತ್ತೇನೆ. ಒಂದು ಉದಾಹರಣೆ ನಾನೇ ಕಟ್ಟಿ ಹೇಳುತ್ತೇನೆ, ಯಾರದೂ ಅಲ್ಲ. ಹಾವು ಕಡಿತದ ಮೇಲೆ ಪ್ರಪೋಸಲ್. ಮೊದಲ ಕರಡು ಹೀಗೆ ಶುರುವಾಗುತ್ತದೆ: "ಹಾವು ಕಡಿತ ಭಾರತದ ಗಂಭೀರ ಸಮಸ್ಯೆ. ಈ ಕ್ರಾಂತಿಕಾರಿ ಸಂಶೋಧನೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸಲಿದೆ." ಇದನ್ನು ಓದಿ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಡಾಕ್ಟರನ್ನು ಕೂರಿಸಿಕೊಂಡು ಕೇಳುತ್ತೇನೆ: ನಿಮಗೆ ರಾತ್ರಿ ನಿದ್ದೆ ಕೆಡಿಸುವ ಸಂಗತಿ ಏನು? ಆಗ ಅವರು ಬೇರೆಯೇ ಮಾತಾಡುತ್ತಾರೆ. ನಮ್ಮ ದೇಶದಲ್ಲಿ ಹಾವಿನ ವಿಷಕ್ಕೆ ಕೊಡುವ ಔಷಧಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನಲ್ಲಿ ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬೇರೆಯಾಗಿರುತ್ತದೆ. ಹಾಗಾದರೆ ಕಲಬುರಗಿ ಕಡೆಯ ಕೊಳಕುಮಂಡಲ ಕಡಿದವರಿಗೆ ಆ ಔಷಧ ಎಷ್ಟು ಕೆಲಸ ಮಾಡುತ್ತದೆ?

ಪ್ರಪೋಸಲ್‌ನ ಮೊದಲ ವಾಕ್ಯ ಅದೇ ಆಗಬೇಕು. ಆಮೇಲೆ, ದೇಶದಲ್ಲಿ 2000ದಿಂದ 2019ರ ತನಕ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಅನ್ನುವ ಅಂದಾಜು ಬರಲಿ. ಆಮೇಲೆ, ಮೂರು ವರ್ಷದಲ್ಲಿ ಈ ಒಂದು ಪ್ರಶ್ನೆಗೆ ಉತ್ತರ ಕೊಡುತ್ತೇವೆ, "ಈಗಿನ ಔಷಧ ಚೆನ್ನಾಗಿಯೇ ಕೆಲಸ ಮಾಡುತ್ತದೆ" ಅಂತ ಗೊತ್ತಾದರೂ ಅದು ತಾಲ್ಲೂಕು ಆಸ್ಪತ್ರೆಗೆ ಉಪಯೋಗದ ಉತ್ತರ ಅಂತ ಬರಲಿ. ಎರಡು ಕಡೆ ಎಲ್ಲಿಗೆ ಬಿದ್ದರೂ ಉಪಯೋಗಕ್ಕೆ ಬರುವ ಪ್ರಶ್ನೆ ಇದ್ದರೆ ದಾನಿಗೆ ಧೈರ್ಯ ಬರುತ್ತದೆ.

ಕರಡಿನಿಂದ ನಾನು ಕಣ್ಣುಮುಚ್ಚಿ ಹೊಡೆದುಹಾಕುವ ಮಾತು: ಕ್ರಾಂತಿಕಾರಿ, ವಿಶ್ವದಲ್ಲೇ ಮೊದಲು, ಗೇಮ್ ಚೇಂಜರ್. ರೋಗಿಯ ಫೋಟೋ ವಿಷಯದಲ್ಲೂ ಅಷ್ಟೆ. ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವರು ತಮ್ಮ ಅಳುವ ಮುಖವನ್ನು ದಾನಿಗಳಿಗೆ ಕಳಿಸಲು ಒಪ್ಪಿಗೆ ಕೊಟ್ಟಿರುವುದಿಲ್ಲ. ಅದಕ್ಕೆ ಬೇರೆ ಒಪ್ಪಿಗೆ ಬೇಕು. ಆಸ್ಪತ್ರೆಯ ಮಂಚದ ಮೇಲೆ ಮಲಗಿದವರು ಡಾಕ್ಟರು ಕೇಳಿದಾಗ "ಬೇಡ" ಅನ್ನುವುದು ಕಷ್ಟ. ಹಾಗಾಗಿ ನಾವು ಬಹುಮಟ್ಟಿಗೆ ಕೇಳುವುದೇ ಇಲ್ಲ.

ಕಮಿಷನ್ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ತಂದ ಹಣದಲ್ಲಿ ನಿಮಗೆ ಪರ್ಸೆಂಟೇಜ್ ಇರುತ್ತಾ ಅಂತ. ಇಲ್ಲ. ಸಂಬಳ ಮಾತ್ರ. ಈ ವೃತ್ತಿಯ ಸಂಘಗಳ ನೀತಿಸಂಹಿತೆಯಲ್ಲೇ ಪರ್ಸೆಂಟೇಜ್ ಕೂಡದು ಅಂತ ಇದೆ. ಯಾಕೆ ಅಂತ ನೀವೇ ಊಹಿಸಬಹುದು. ಪರ್ಸೆಂಟೇಜ್ ಇದ್ದಿದ್ದರೆ, "ಇದರಿಂದ ಔಷಧ ಸಿಗುತ್ತಾ" ಅಂತ ಆ ಕುಟುಂಬ ಕೇಳಿದಾಗ ನನ್ನ ನಾಲಿಗೆ ಯಾವ ಕಡೆ ಹೊರಳುತ್ತಿತ್ತು?

ಸೋಲಿನ ಬಗ್ಗೆ. 2014ರ ಐಸ್ ಬಕೆಟ್ ಚಾಲೆಂಜ್ ನೆನಪಿದೆಯಾ? ತಲೆ ಮೇಲೆ ತಣ್ಣೀರು ಸುರಿದುಕೊಂಡು ವಿಡಿಯೋ ಹಾಕಿದ್ದು. ಸುಮ್ನೆ ತಮಾಷೆ ಅಂತ ಎಷ್ಟೋ ಜನ ಅಂದುಕೊಂಡರು. ಸ್ನಾಯುಗಳು ಒಂದೊಂದಾಗಿ ಕೈಕೊಡುವ ಎಎಲ್‌ಎಸ್ ಅನ್ನುವ ಕಾಯಿಲೆಗೆ ಅಮೆರಿಕದ ಎಎಲ್‌ಎಸ್ ಅಸೋಸಿಯೇಶನ್ ಒಂದಕ್ಕೇ 11.5 ಕೋಟಿ ಡಾಲರ್ ಬಂತು. ಆ ಹಣದಲ್ಲಿ 22 ಲಕ್ಷ ಡಾಲರ್ ಒಂದು ಔಷಧದ ಪ್ರಯೋಗಕ್ಕೆ ಹೋಯಿತು. 2022ರಲ್ಲಿ ಅಮೆರಿಕದಲ್ಲಿ ಆ ಔಷಧಕ್ಕೆ ಅನುಮತಿಯೂ ಸಿಕ್ಕಿತು. ರೋಗಿಗಳು ಸಂಭ್ರಮಪಟ್ಟರು. 2024ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂತು, ಔಷಧದಿಂದ ಪ್ರಯೋಜನ ಕಾಣಲಿಲ್ಲ. ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಅದೇ ಚಾಲೆಂಜ್‌ನ ಹಣದಿಂದ ನಡೆದ ಇನ್ನೊಂದು ಕೆಲಸದಲ್ಲಿ ಈ ಕಾಯಿಲೆಗೆ ಸಂಬಂಧಪಟ್ಟ ಎನ್‌ಇಕೆ1 ಅನ್ನುವ ಜೀನ್ ಪತ್ತೆಗೆ ಸಹಾಯ ಆಯಿತು. ಅದು ಇವತ್ತಿಗೂ ನಿಂತಿದೆ.

ದಾನಿಗಳಿಗೆ ಈ ಕಥೆಯನ್ನು ನಾನು ಪೂರ್ತಿ ಹೇಳುತ್ತೇನೆ, ಔಷಧ ಸೋತ ಭಾಗವನ್ನೂ. ವರ್ಷದ ವರದಿ ಬರೆಯುವಾಗಲೂ ಹಾಗೆ. ಸೇರಿಸಿಕೊಳ್ಳಬೇಕಿದ್ದ ರೋಗಿಗಳಲ್ಲಿ ಅರ್ಧ ಜನ ಮಾತ್ರ ಸಿಕ್ಕಿದ್ದಾರೆ ಅಂದರೆ ಅದನ್ನೇ ಮೊದಲ ಪ್ಯಾರಾದಲ್ಲಿ ಬರೆಯುತ್ತೇವೆ. ಕಾರಣವನ್ನೂ ಬರೆಯುತ್ತೇವೆ: ಎಥಿಕ್ಸ್ ಕಮಿಟಿ ಅನುಮತಿ ತಡವಾಯಿತು, ವಿದೇಶಿ ಸಹಯೋಗಕ್ಕೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿ ಒಪ್ಪಿಗೆ ಬರಲು ಸಮಯ ಹಿಡಿಯಿತು, ಮಳೆಗಾಲದಲ್ಲಿ ಹೊಲದ ಕೆಲಸ ಬಿಟ್ಟು ಜನ ಬರಲಿಲ್ಲ. ಹಣ ಹೆಚ್ಚಿಗೆ ಬೇಡ, ಆರು ತಿಂಗಳು ಸಮಯ ಕೊಡಿ ಅಂತ ಕೇಳಿದರೆ ಕೊಡುವವರೇ ಜಾಸ್ತಿ. ಮುಚ್ಚಿಟ್ಟಿದ್ದು ಆಡಿಟ್‌ನಲ್ಲಿ ಸಿಕ್ಕರೆ ಮಾತ್ರ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಈ ಕೆಲಸಕ್ಕೆ ಬರುವುದು ಹೇಗೆ ಅಂತ ಇಬ್ಬರು ಕೇಳಿದ್ದೀರಿ. ಇದಕ್ಕೆ ಅಂತ ಒಂದು ಡಿಗ್ರಿ ಇಲ್ಲ. ನಮ್ಮಲ್ಲಿ ಮೈಕ್ರೋಬಯಾಲಜಿ ಓದಿದವರಿದ್ದಾರೆ, ಸಮಾಜಕಾರ್ಯ ಓದಿದವರಿದ್ದಾರೆ, ಪತ್ರಿಕೆಯಲ್ಲಿ ಕೆಲಸ ಮಾಡಿ ಬಂದವರಿದ್ದಾರೆ. ಒಂದು ಸಲಹೆ ಇದೆ. ನಿಮ್ಮ ಕಾಲೇಜಿನಲ್ಲಿ ಯಾವುದಾದರೂ ಪ್ರಾಜೆಕ್ಟ್ ನಡೆಯುತ್ತಿದ್ದರೆ, ಪ್ರೊಫೆಸರ್ ಹತ್ತಿರ ಪ್ರಪೋಸಲ್ ಕೇಳಿ ಓದಿ. ಆಮೇಲೆ ಅಕೌಂಟ್ಸ್ ಸೆಕ್ಷನ್‌ಗೆ ಹೋಗಿ, ನಿಜಕ್ಕೂ ದುಡ್ಡು ಎಲ್ಲಿ ಖರ್ಚಾಯಿತು ಅಂತ ಕೇಳಿ. ಆ ಸೆಕ್ಷನ್‌ನವರ ಜೊತೆ ಸ್ನೇಹ ಇಟ್ಟುಕೊಳ್ಳಿ. ಪ್ರಪೋಸಲ್‌ನಲ್ಲಿ ಬರೆದದ್ದಕ್ಕೂ ಬಿಲ್‌ಗಳಿಗೂ ಇರುವ ಅಂತರ ನೋಡಿದರೆ ಸಂಶೋಧನೆ ಹೇಗೆ ನಡೆಯುತ್ತದೆ ಅನ್ನುವುದು ಅರ್ಥವಾಗುತ್ತದೆ.

ಎಐ ಬಂದಿದೆ, ಪ್ರಪೋಸಲ್ ಅದೇ ಬರೆಯುತ್ತೆ ಅಲ್ವಾ ಅಂತಲೂ ಕೇಳಿದಿರಿ. ಮೊದಲ ಪುಟ ಬರೆಯುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ರಾಯಚೂರಿನಲ್ಲಿ ಡ್ರೈ ಐಸ್ ಸಿಗುತ್ತಾ ಅಂತ ಫೋನ್ ಮಾಡಿ ಕೇಳಬೇಕಾದವರು ಇನ್ನೂ ನಾವೇ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗಿ ಕೇಳಿದ್ದು. ಪ್ರಾಜೆಕ್ಟ್ ಮುಗಿದ ಮೇಲೆ ಆ ಫೀಲ್ಡ್ ವರ್ಕರ್‌ಗಳು ಏನಾಗುತ್ತಾರೆ? ಆ ಹುಡುಗಿಯ ತಾಯಿ ಇಂಥ ಒಂದು ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡುತ್ತಿದ್ದರಂತೆ. ಏನಾಗುತ್ತಾರೆ ಅಂದರೆ, ಮೂರು ವರ್ಷದ ಗ್ರಾಂಟ್ ಮುಗಿದ ತಿಂಗಳು ಅವರ ಸಂಬಳವೂ ಮುಗಿಯುತ್ತದೆ. ಮನೆ ಮನೆ ಗೊತ್ತಿರುವವರು, ಯಾವ ಸೊಸೆ ಯಾವ ತವರಿಗೆ ಹೋಗಿದ್ದಾಳೆ ಅಂತ ಗೊತ್ತಿರುವವರು ಮತ್ತೆ ಟೈಲರಿಂಗ್‌ಗೋ, ಅಂಗಡಿಗೋ ಹೋಗುತ್ತಾರೆ. ಮುಂದಿನ ಗ್ರಾಂಟ್ ಬರುವ ಹೊತ್ತಿಗೆ ಹೊಸಬರನ್ನು ಹುಡುಕಿ ಮತ್ತೆ ಮೊದಲಿಂದ ಕಲಿಸಬೇಕು. ಈಗ ನಾವು ಕಳಿಸುವ ಬಜೆಟ್‌ಗಳಲ್ಲಿ ಒಂದು ಸಾಲು ಹಾಕುತ್ತಿದ್ದೇವೆ: ಪ್ರಾಜೆಕ್ಟ್ ಮುಗಿದ ಮೇಲೆ ಆರು ತಿಂಗಳ ಫೀಲ್ಡ್ ಸಿಬ್ಬಂದಿ ಸಂಬಳ, ಆ ಸಮಯದಲ್ಲಿ ಫಲಿತಾಂಶವನ್ನು ಅದೇ ಹಳ್ಳಿಗಳಿಗೆ ವಾಪಸ್ ಹೋಗಿ ಹೇಳುವ ಕೆಲಸ. ಕೆಲವು ದಾನಿಗಳು ಒಪ್ಪುತ್ತಾರೆ. ಕೆಲವರು ಬಜೆಟ್ ವಾಪಸ್ ಕಳಿಸುವಾಗ ಆ ಸಾಲಿಗೆ ಕೆಂಪು ಗೀಟು ಎಳೆದಿರುತ್ತಾರೆ. ಮುಂದಿನ ಪ್ರಪೋಸಲ್‌ನಲ್ಲಿ ಆ ಸಾಲನ್ನು ಮತ್ತೆ ಹಾಕುತ್ತೇವೆ.